ಶೀಟಿನ ಕೋಣೆ, ಮೋಲ್ಡ್ ಕೋಣೆ: ಮಂಡ್ಯದ ಒಂದು ಮನೆಯನ್ನು ಬೇಸಿಗೆಗೆ ಸಜ್ಜುಗೊಳಿಸಿದ ದಾಖಲೆ

ಮಂಡ್ಯದ ಗುತ್ತಲು ರಸ್ತೆಯ ಕಡೆ ಇರುವ ನಮ್ಮ ಸೋದರತ್ತೆಯವರ ಮನೆಗೆ ಎರಡೇ ಕೋಣೆಗಳು. ಮುಂದಿನದಕ್ಕೆ ಸಿಮೆಂಟ್ ಶೀಟು ಹೊದಿಸಿದೆ. ಹಿಂದಿನ ಅಡುಗೆಕೋಣೆಗೆ ಆಮೇಲೆ ಕೈಯಲ್ಲಿ ಒಂದಿಷ್ಟು ಹಣ ಸೇರಿದಾಗ ಮೋಲ್ಡ್, ಎಂದರೆ ಕಾಂಕ್ರೀಟ್ ಚಾವಣಿ, ಹಾಕಿಸಿದ್ದಾರೆ. ಎಪ್ಪತ್ತು ದಾಟಿದ ಅತ್ತೆ, ಅವರ ಸೊಸೆ ಮತ್ತು ಶಾಲೆಗೆ ಹೋಗುವ ಮೊಮ್ಮಗಳು ಅಲ್ಲಿ ವಾಸವಾಗಿದ್ದಾರೆ. 2025ರ ಬೇಸಿಗೆಯಲ್ಲಿ ಆ ಮನೆಯ ಸೆಕೆಯನ್ನೂ ಕರೆಂಟ್ ಬಿಲ್ಲನ್ನೂ ಒಟ್ಟಿಗೆ ಇಳಿಸಲು ಮಾಡಿದ ಕೆಲಸಗಳನ್ನು ಅಳತೆಗಳ ಸಮೇತ ಇಲ್ಲಿ ಬರೆದಿಡುತ್ತಿದ್ದೇನೆ. ಏರ್ ಕಂಡಿಷನರ್ ಮಾತು ಬೇಡವೆಂಬುದು ಮೊದಲೇ ತೀರ್ಮಾನವಾಗಿತ್ತು. ಕೂಲರ್ ಕೊಳ್ಳುವ ಯೋಚನೆ ಸೊಸೆಗಿತ್ತು. ಏಪ್ರಿಲ್ ಮಧ್ಯಾಹ್ನದ ಒಣ ಗಾಳಿಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ 150 ವ್ಯಾಟ್‌ನಷ್ಟು ವಿದ್ಯುತ್ತಿನ ಜೊತೆಗೆ ದಿನಕ್ಕೆ ಹಲವು ಬಿಂದಿಗೆ ನೀರನ್ನೂ ಬೇಡುತ್ತದೆ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಅದು ದೊಡ್ಡ ಮಾತು.

ಅತ್ತೆಯ ಅಭ್ಯಾಸವೇ ಈ ಕೆಲಸಕ್ಕೆ ಕಾರಣ. ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇದ್ದಾಗ ಅವರು ಫ್ಯಾನ್ ಆರಿಸಿ ಕೂರುತ್ತಾರೆ. ಕೇಳಿದರೆ, "ಒಬ್ಳಿಗೋಸ್ಕರ ಯಾಕಪ್ಪ ತಿರುಗ್ಬೇಕು ಅದು, ಬಿಲ್ಲು ಬತ್ತದೆ ಬುಡು" ಎನ್ನುತ್ತಾರೆ. ವಯಸ್ಸಾದವರ ಮೈ ಬೆವರುವುದು ಕಡಿಮೆ, ಬಾಯಾರಿಕೆ ತಿಳಿಯುವುದೂ ತಡ. ಅದರ ಮೇಲೆ ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ದೇಹದ ನೀರನ್ನು ಹೊರಹಾಕುವಂಥವು. ಅಂಥವರು ಬಿಲ್ಲಿಗೆ ಹೆದರಿ ಕಾದ ಶೀಟಿನ ಕೆಳಗೆ ಗಾಳಿಯಿಲ್ಲದೆ ಕೂರುವುದನ್ನು ಮಿತವ್ಯಯವೆಂದು ಹೊಗಳಲು ನನಗೆ ಮನಸ್ಸು ಬರಲಿಲ್ಲ.

ಬಿಲ್ಲಿನ ಲೆಕ್ಕ

ಗೃಹಜ್ಯೋತಿ ಇರುವಾಗ ಬಿಲ್ಲೇಕೆ ಎಂದು ಕೇಳುವವರಿದ್ದಾರೆ. 200 ಯೂನಿಟ್ ಉಚಿತ ಎಂಬ ಮಾತು ಊರೆಲ್ಲ ಪ್ರಚಾರವಾಗಿದೆ. ಆದರೆ ಆ 200 ಎಂಬುದು ಮೇಲಿನ ಮಿತಿ ಮಾತ್ರ. ಪ್ರತಿ ಮನೆಗೂ ಸಿಗುವುದು 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಬಹಳ ಕಡಿಮೆ ಬಳಸುವವರಿಗೆ ಶೇ. 10 ಎಂದರೆ ಏನೂ ಉಳಿಯುವುದಿಲ್ಲವೆಂದು 2024ರ ಜನವರಿಯಲ್ಲಿ ಸರ್ಕಾರ ನಿಯಮವನ್ನು ತಿದ್ದಿ, 48 ಯೂನಿಟ್‌ಗಿಂತ ಕಡಿಮೆ ಸರಾಸರಿಯ ಮನೆಗಳಿಗೆ ಶೇಕಡಾವಾರಿನ ಬದಲು 10 ಯೂನಿಟ್ ಸೇರಿಸಿತು. ಅತ್ತೆಯ ಮನೆಯ ಸರಾಸರಿ 38 ಯೂನಿಟ್ ಇದ್ದುದರಿಂದ ಅವರ ಪಾಲು 48 ಯೂನಿಟ್. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು.

ಲೆಕ್ಕಕ್ಕೆ ಹಿಡಿದ ಆ ವರ್ಷದಲ್ಲಿ ಮನೆಯಲ್ಲಿ ಫ್ರಿಡ್ಜ್ ಇರಲಿಲ್ಲ. ಅತ್ತೆಯ ಮಗ ಬೆಂಗಳೂರಿನಿಂದ ಹಳೆಯದೊಂದನ್ನು ತಂದಿಟ್ಟದ್ದು ಆಮೇಲೆ. ಬೇಸಿಗೆಯ ಬಿಸಿಯೂ ಆ ವರ್ಷದಲ್ಲೇ ನಿಂತಿಲ್ಲ. ಅಂದು ಕೈಬಿಗಿ ಹಿಡಿದು ಬದುಕಿದ ಮನೆಗೆ ಇಂದು ಕಡಿಮೆ ಪಾಲು, ಅಂದೇ ಧಾರಾಳವಾಗಿ ಬಳಸಿದ ಮನೆಗೆ ಹೆಚ್ಚು ಪಾಲು ಎಂಬ ಈ ಲೆಕ್ಕ ನನಗೆ ಸರಿಕಾಣುವುದಿಲ್ಲ. ದರದ ಕಥೆಯೂ ಹಾಗೆಯೇ ಆಗಿದೆ. 2024ರ ಮಾರ್ಚ್‌ವರೆಗೆ ತಿಂಗಳಿಗೆ 100 ಯೂನಿಟ್ ಒಳಗಿನ ಬಳಕೆಗೆ ಯೂನಿಟ್‌ಗೆ 4 ರೂ. 75 ಪೈಸೆ, ಅದನ್ನು ಮೀರಿದವರಿಗೆ 7 ರೂ. ಇತ್ತು. ಆ ವರ್ಷದ ಏಪ್ರಿಲ್‌ನಿಂದ ಎಲ್ಲರಿಗೂ ಒಂದೇ ದರವಾಗಿ 5 ರೂ. 90 ಪೈಸೆ ಬಂತು. ಹೆಚ್ಚು ಬಳಸುವವರಿಗೆ ಇಳಿಯಿತು, ಕಡಿಮೆ ಬಳಸುವವರು ತಮ್ಮ ಪಾಲು ಮೀರಿದ ಯೂನಿಟ್‌ಗೆ ಕೊಡುವುದು ಏರಿತು. ಶೇ. 9ರ ತೆರಿಗೆ ಮತ್ತಿತರ ಬಾಬುಗಳು ಸೇರಿ 2025ರ ಆ ಬೇಸಿಗೆಗೆ ಯೂನಿಟ್‌ಗೆ ಆರೂವರೆ ರೂಪಾಯಿ ಆಸುಪಾಸು ಎಂದು ಹಿಡಿದು ಮುಂದಿನ ಲೆಕ್ಕಗಳನ್ನು ಮಾಡಿದ್ದೇನೆ.

ಮೀಟರಿನ ದೀಪದಿಂದ ಅಳೆದದ್ದು

ಯಾವ ಸಾಮಾನು ಎಷ್ಟು ಎಳೆಯುತ್ತದೆ ಎಂದು ತಿಳಿಯಲು ಬೇರೆ ಉಪಕರಣ ಕೊಳ್ಳುವ ಅಗತ್ಯವಿಲ್ಲ. ಗೋಡೆಯ ಮೇಲಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಚಿಕ್ಕ ಕೆಂಪು ದೀಪವೊಂದಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬುದನ್ನು ಮೀಟರಿನ ಮುಖದ ಮೇಲೆಯೇ ಅಚ್ಚು ಹಾಕಿರುತ್ತಾರೆ. ಇಲ್ಲಿ ಅದು 3200. ಹಾಗಾದರೆ ಎರಡು ಮಿಣುಕುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ಆ ಹೊತ್ತಿನ ಬಳಕೆ ವ್ಯಾಟ್‌ಗಳಲ್ಲಿ ಬರುತ್ತದೆ. ಮೀಟರಿನ ಮೇಲೆ ಬೇರೆ ಸಂಖ್ಯೆ ಇದ್ದರೆ 36 ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು 1125ರ ಜಾಗದಲ್ಲಿ ಬಳಸಬೇಕು. ಮನೆಯ ಎಲ್ಲವನ್ನೂ ಆರಿಸಿ, ಒಂದನ್ನು ಮಾತ್ರ ಹಾಕಿ, ಹತ್ತು ಮಿಣುಕುಗಳ ಒಟ್ಟು ಕಾಲವನ್ನು ಮೊಬೈಲಿನಲ್ಲಿ ಅಳೆದು ಹತ್ತರಿಂದ ಭಾಗಿಸಿದರೆ ಕೈತಪ್ಪು ಕಡಿಮೆಯಾಗುತ್ತದೆ. ಈ ಕೆಲಸವನ್ನು ಮೊಮ್ಮಗಳಿಗೆ ವಹಿಸಿದೆ; ಭಾಗಾಕಾರದ ಅಭ್ಯಾಸವೂ ಆಯಿತು.

ಮುಂಗೋಣೆಯ ಹಳೆಯ ಫ್ಯಾನ್ 15 ಸೆಕೆಂಡಿಗೊಮ್ಮೆ ಮಿಣುಕಿಸಿತು, ಎಂದರೆ 75 ವ್ಯಾಟ್. ಅಡುಗೆಕೋಣೆಯದು 70. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಚೋಕಿನದೂ ಸೇರಿ 52. ಟಿ.ವಿ. 45. ಎಲ್‌ಇಡಿ ಬಲ್ಬು 9 ವ್ಯಾಟ್‌ನದು. ಅದು ಸರ್ಕಾರ ಅಗ್ಗದಲ್ಲಿ ಎಲ್‌ಇಡಿ ಬಲ್ಬು ಕೊಟ್ಟ ‘ಹೊಸ ಬೆಳಕು’ ಯೋಜನೆಯಲ್ಲಿ ಕೊಂಡದ್ದಂತೆ, ಇನ್ನೂ ಉರಿಯುತ್ತಿದೆ. ಫ್ರಿಡ್ಜನ್ನು ಹೀಗೆ ಒಂದು ಗಳಿಗೆಯಲ್ಲಿ ಅಳೆಯಲಾಗದು, ಏಕೆಂದರೆ ಅದರ ಕಂಪ್ರೆಸರ್ ಓಡಿ ನಿಂತು ಓಡುತ್ತದೆ. ಓಡುವಾಗ 112 ವ್ಯಾಟ್ ಇತ್ತು. ಆದರೆ ಒಂದು ದಿನ ಪೂರ್ತಿ ಮೀಟರ್ ಓದಿ ಉಳಿದ ಸಾಮಾನುಗಳ ಲೆಕ್ಕ ಕಳೆದಾಗ ದಿನಕ್ಕೆ 1.5 ಯೂನಿಟ್ ಸಿಕ್ಕಿತು. ತಿಂಗಳಿಗೆ 45 ಯೂನಿಟ್! ಉಚಿತವಾಗಿ ಸಿಗುವ 48ರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಆ ಒಂದು ಪೆಟ್ಟಿಗೆಯೇ ನುಂಗುತ್ತಿತ್ತು, ಅತ್ತೆ ಮಾತ್ರ ಫ್ಯಾನಿನ ಮೇಲೆ ಅನುಮಾನ ಪಡುತ್ತಿದ್ದರು.

ಎರಡು ಚಾವಣಿ, ಎರಡು ಬಗೆಯ ಬಿಸಿ

ಬಿಸಿ ಅಳೆಯಲು ಮೂರು ಸಾಧನಗಳನ್ನು ಬಳಸಿದೆ: ತೇವಾಂಶವನ್ನೂ ತೋರಿಸುವ ಅಗ್ಗದ ಡಿಜಿಟಲ್ ಥರ್ಮಾಮೀಟರ್, ಗ್ಯಾರೇಜಿನ ಗೆಳೆಯರೊಬ್ಬರಿಂದ ಎರವಲು ತಂದ, ಮೇಲ್ಮೈಯ ಬಿಸಿಯನ್ನು ಮುಟ್ಟದೆಯೇ ಅಳೆಯುವ ಇನ್‌ಫ್ರಾರೆಡ್ ಗನ್ನು, ಮತ್ತು ಕಪ್ಪು ಬಣ್ಣ ಬಳಿದ ಟೇಬಲ್ ಟೆನಿಸ್ ಚೆಂಡಿನೊಳಗೆ ತುದಿ ಸೇರಿಸಿದ ಇನ್ನೊಂದು ಥರ್ಮಾಮೀಟರ್. ಮೂರನೆಯದು ಆಟಿಕೆಯಂತೆ ಕಂಡರೂ ಬಹಳ ಮುಖ್ಯ. ಶೀಟಿನ ಕೆಳಗೆ ಕೂತವರ ನೆತ್ತಿಯನ್ನು ಸುಡುವುದು ಕೋಣೆಯ ಗಾಳಿಗಿಂತ ಹೆಚ್ಚಾಗಿ ಶೀಟಿನಿಂದ ನೇರ ಇಳಿಯುವ ಶಾಖ. ಸಾಮಾನ್ಯ ಥರ್ಮಾಮೀಟರಿಗೆ ಅದು ಸರಿಯಾಗಿ ತಿಳಿಯುವುದಿಲ್ಲ, ಕಪ್ಪು ಚೆಂಡಿಗೆ ತಿಳಿಯುತ್ತದೆ. ಗನ್ನಿನ ವಿಷಯದಲ್ಲಿ ಒಂದು ಎಚ್ಚರ: ಹೊಳೆಯುವ ತಗಡಿನ ಮೇಲೆ ಅದು ಸುಳ್ಳು ಹೇಳುತ್ತದೆ. ಸಿಮೆಂಟು, ಸುಣ್ಣ, ಕಟ್ಟಿಗೆಗಳ ಮೇಲೆ ನಂಬಬಹುದು.

ಹೊರಗೆ ನೆರಳಿನಲ್ಲಿ 37 ಡಿಗ್ರಿ ಇದ್ದ ಒಂದು ಮಧ್ಯಾಹ್ನ ಎರಡು ಗಂಟೆಗೆ ಶೀಟಿನ ಒಳಮೈ 54 ಡಿಗ್ರಿ ತೋರಿಸಿತು. ಕೋಣೆಯ ಗಾಳಿ 39.5, ಕಪ್ಪು ಚೆಂಡು 43. ಅದೇ ಹೊತ್ತಿಗೆ ಅಡುಗೆಕೋಣೆಯ ಮೋಲ್ಡ್‌ನ ಮೇಲ್ಮೈ 58 ಡಿಗ್ರಿ ಕಾದಿದ್ದರೂ ಒಳಮೈ ಇನ್ನೂ 36ರಲ್ಲೇ ಇತ್ತು. ಐದು ಅಂಗುಲದ ಕಾಂಕ್ರೀಟನ್ನು ದಾಟಿ ಬರಲು ಬಿಸಿಗೆ ನಾಲ್ಕೈದು ಗಂಟೆ ಬೇಕು. ಸಂಜೆ ಆರೂವರೆಯ ಸುಮಾರಿಗೆ ಒಳಮೈ 42ಕ್ಕೇರಿತು. ರಾತ್ರಿ ಹತ್ತಕ್ಕೂ 39ರಲ್ಲಿತ್ತು, ಕೋಣೆಯ ಗಾಳಿ 33. ಆ ಹೊತ್ತಿಗೆ ಶೀಟಿನ ಒಳಮೈ 25ಕ್ಕೆ ಇಳಿದುಹೋಗಿತ್ತು. ಹೊರಗಿನ ಗಾಳಿಯೇ 28 ಇರುವಾಗ ಶೀಟು ಅದಕ್ಕಿಂತ ತಣ್ಣಗಾಗುವುದು ವಿಚಿತ್ರವೆನಿಸಬಹುದು. ಮೋಡವಿಲ್ಲದ ರಾತ್ರಿಯಲ್ಲಿ ತೆಳುವಾದ ಚಾವಣಿ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಡುವುದರಿಂದ ಹೀಗಾಗುತ್ತದೆ.

ಮೋಲ್ಡ್ ಮನೆ ತಂಪು ಎಂಬ ನಂಬಿಕೆಯಿಂದ ಅತ್ತೆ ರಾತ್ರಿ ಅಡುಗೆಕೋಣೆಯಲ್ಲಿ ಮಲಗುತ್ತಿದ್ದರು, ಹಗಲು ಮುಂಗೋಣೆಯಲ್ಲಿ ಕೂರುತ್ತಿದ್ದರು. ಅಂಕಿಗಳ ಪ್ರಕಾರ ಅದು ತಿರುಗುಮುರುಗಾಗಬೇಕು. ಒಲೆ ಆರಿದ ಮೇಲೆ ಹನ್ನೊಂದರಿಂದ ನಾಲ್ಕರವರೆಗೆ ಅಡುಗೆಕೋಣೆ, ರಾತ್ರಿ ಊಟವಾದ ಮೇಲೆ ಮುಂಗೋಣೆ ಎಂದು ಬದಲಾಯಿಸಿದೆವು. ಒಂದು ಪೈಸೆ ಖರ್ಚಿಲ್ಲದ ಈ ಬದಲಾವಣೆಯಿಂದ ರಾತ್ರಿಯ ನಾಲ್ಕು ಡಿಗ್ರಿ ಸೆಕೆ ತಪ್ಪಿತು. ಹಾಸಿಗೆ ಸಾಗಿಸುವ ಕೆಲಸಕ್ಕೆ ಅತ್ತೆ ಒಪ್ಪಲು ಮಾತ್ರ ಸ್ವಲ್ಪ ಕಾಲ ಹಿಡಿಯಿತು.

ಚಾವಣಿಗೆ ಸುಣ್ಣ

ಬಿಸಿಯನ್ನು ಒಳಗೆ ಬಿಟ್ಟುಕೊಂಡು ಆಮೇಲೆ ಕರೆಂಟಿನಿಂದ ಓಡಿಸುವುದಕ್ಕಿಂತ ಚಾವಣಿಯ ಮೇಲೆಯೇ ತಡೆಯುವುದು ಅಗ್ಗ. ಮಾರುಕಟ್ಟೆಯಲ್ಲಿ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣಗಳು ಸಿಗುತ್ತವೆ, ಅವು ನಾಲ್ಕಾರು ವರ್ಷ ಬಾಳುತ್ತವೆ, ಬೆಲೆಯೂ ಅದಕ್ಕೆ ತಕ್ಕಂತಿದೆ. ಸುಣ್ಣವನ್ನು ವರ್ಷಕ್ಕೊಮ್ಮೆ ಹೊಡೆಯಬೇಕು. ಆದರೆ ಹೊಸದಾಗಿ ಹೊಡೆದ ಸುಣ್ಣದ ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುವುದರಲ್ಲಿ ಆ ಬಣ್ಣಗಳಿಗೆ ಹೆಚ್ಚು ಕಡಿಮೆಯಿಲ್ಲ. ಎರಡು ಚಾವಣಿಗಳೂ ಸೇರಿ 280 ಚದರ ಅಡಿ.

ಮೊದಲು ಶೀಟಿನ ಮಾತು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅದರ ಎಳೆಗಳು ಉಸಿರಿನ ಜೊತೆ ಒಳಹೋದರೆ ಎಷ್ಟೋ ವರ್ಷಗಳ ನಂತರ ಶ್ವಾಸಕೋಶದ ಕ್ಯಾನ್ಸರಿನವರೆಗೆ ಕೊಂಡೊಯ್ಯಬಹುದು. ಗಟ್ಟಿಯಾಗಿರುವ ಶೀಟು ತನ್ನಷ್ಟಕ್ಕೆ ಅಪಾಯಕಾರಿಯಲ್ಲ. ಒಣಗಿರುವಾಗ ತಂತಿಯ ಬ್ರಷ್‌ನಿಂದ ಉಜ್ಜುವುದು, ಕೊರೆಯುವುದು, ಕತ್ತರಿಸುವುದು ಅಪಾಯಕಾರಿ. ಆದ್ದರಿಂದ ಶೀಟನ್ನು ಚೆನ್ನಾಗಿ ನೆನೆಸಿ, ಒದ್ದೆಯಾಗಿರುವಾಗಲೇ ಮೆತ್ತನೆಯ ಪೊರಕೆಯಿಂದ ಧೂಳು, ಪಾಚಿಗಳನ್ನು ಇಳಿಸಿದೆವು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡಿದ್ದೆವು. ಎರಡನೆಯ ಅಪಾಯ ಇದಕ್ಕಿಂತ ಹತ್ತಿರದ್ದು. ಶೀಟಿನ ಮೇಲೆ ಕಾಲಿಟ್ಟರೆ ಅದು ಸದ್ದಿಲ್ಲದೆ ಮುರಿಯುತ್ತದೆ, ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಶೀಟನ್ನು ಪೈಪಿಗೆ ಬಿಗಿಯುವ ಕೊಕ್ಕೆಯಂಥ ಜೆ ಬೋಲ್ಟುಗಳ ಸಾಲು ಇರುವಲ್ಲಿ ಮಾತ್ರ ಕೆಳಗೆ ಪೈಪಿನ ಆಸರೆ ಇರುತ್ತದೆ. ಎರಡು ಸಾಲುಗಳ ಮೇಲೆ ಹಲಗೆ ಅಡ್ಡ ಹಾಕಿ, ಹಲಗೆಯ ಮೇಲೆಯೇ ಕೂತು, ಸಾಧ್ಯವಾದಷ್ಟನ್ನು ಏಣಿಯಿಂದಲೇ ಉದ್ದ ಕೋಲಿಗೆ ಕಟ್ಟಿದ ಬ್ರಷ್‌ನಿಂದ ಹೊಡೆದೆವು.

ಮಿಶ್ರಣ ಹೀಗಿತ್ತು: 10 ಕಿಲೋ ಅರಳಿಸಿದ ಸುಣ್ಣದ ಪುಡಿ, 1 ಕಿಲೋ ಬಿಳಿ ಸಿಮೆಂಟ್, ಅರ್ಧ ಕಿಲೋ ಫೆವಿಕಾಲ್, ಕೈಗೆ ಮಜ್ಜಿಗೆಯ ಹದ ಸಿಗುವಷ್ಟು ನೀರು. ಪೇಟೆ ಬೀದಿಯಲ್ಲಿ ಸುಟ್ಟ ಸುಣ್ಣದ ಕಲ್ಲು ಇನ್ನೂ ಅಗ್ಗವಾಗಿ ಸಿಗುತ್ತದೆ. ಆದರೆ ಅದಕ್ಕೆ ನೀರು ಹಾಕಿದಾಗ ಕುದಿಯುವುದರಿಂದ ಮಗು ಇರುವ ಮನೆಯಲ್ಲಿ ಆ ಗೋಜು ಬೇಡವೆಂದು ಪುಡಿಯನ್ನೇ ತಂದೆ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು, ಕನ್ನಡಕ ಬೇಕೇ ಬೇಕು. ಹಿಂದೆ ಅಂಟಿಗಾಗಿ ಗೋಂದು, ಬೆಲ್ಲದ ನೀರು ಸೇರಿಸುತ್ತಿದ್ದರು. ಈಗ ಆ ಕೆಲಸವನ್ನು ಫೆವಿಕಾಲ್ ಮಾಡುತ್ತದೆ. ಅತ್ತೆ ಡಬ್ಬಿಯಿಂದ ಬಟ್ಟೆಗೆ ಹಾಕುವ ನೀಲಿ ತಂದುಕೊಟ್ಟರು. ಗೋಡೆಗಾದರೆ ನೀಲಿ ಬೆರೆಸಿದ ಸುಣ್ಣವೇ ಚೆಂದ. ಚಾವಣಿಗೆ ಬೇಡವೆಂದೆ, ಏಕೆಂದರೆ ಕಣ್ಣಿಗೆ ಬಿಳುಪು ಹೆಚ್ಚಿಸಿದಂತೆ ತೋರುವ ನೀಲಿ ನಿಜದಲ್ಲಿ ಒಂದಿಷ್ಟು ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ. ಮಿಶ್ರಣವನ್ನು ಹಳೆಯ ಪಂಚೆಯಲ್ಲಿ ಸೋಸಿ, ಬಿಸಿಲೇರುವ ಮೊದಲು ಚಾವಣಿಯನ್ನು ತೇವ ಮಾಡಿ, ತೆಳುವಾಗಿ ಒಂದು ಕೈ ಹೊಡೆದು, ಮಾರನೆಯ ಬೆಳಿಗ್ಗೆ ಅಡ್ಡಡ್ಡಲಾಗಿ ಇನ್ನೊಂದು ಕೈ ಹೊಡೆದೆವು. ಒಣ ಚಾವಣಿಯ ಮೇಲೆ ಹೊಡೆದರೆ ನೀರನ್ನು ಕಾಂಕ್ರೀಟು ಹೀರಿಬಿಡುತ್ತದೆ, ಸುಣ್ಣ ಪುಡಿಯಾಗಿ ಕೈಗೆ ಬರುತ್ತದೆ. ಸಾಮಾನಿಗೆ ತಗುಲಿದ್ದು ಏಳುನೂರು ರೂಪಾಯಿ ಆಸುಪಾಸು.

ಹೊರಗೆ ಮತ್ತೆ 37 ಡಿಗ್ರಿ ಬಂದ ದಿನದ ಅಳತೆ: ಶೀಟಿನ ಒಳಮೈ 54ರಿಂದ 42ಕ್ಕೆ, ಕೋಣೆಯ ಗಾಳಿ 39.5ರಿಂದ 37ಕ್ಕೆ, ಕಪ್ಪು ಚೆಂಡು 43ರಿಂದ 40ಕ್ಕೆ ಇಳಿದವು. ಮೋಲ್ಡ್‌ನ ಮೇಲ್ಮೈ 58ರ ಬದಲು 43. ರಾತ್ರಿ ಹತ್ತರ ಒಳಮೈ 39ರ ಬದಲು 35. ಇಡೀ ಕೆಲಸದಲ್ಲಿ ರೂಪಾಯಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ಸಂಜೆ ಮೋಲ್ಡ್ ಮೇಲೆ ನೀರು ಚಿಮುಕಿಸುವ ರೂಢಿ ನಮ್ಮ ಕಡೆ ಇದೆ. ಅದರ ಬಲ ದೊಡ್ಡದು: ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2400 ಕಿಲೋಜೌಲ್, ಎಂದರೆ ಮೂರನೇ ಎರಡು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಒಯ್ಯುತ್ತದೆ. ಒಂದು ಬಕೆಟ್ ನೀರಿನಲ್ಲಿ ಒಂದು ಸಣ್ಣ ಚಾವಣಿಯ ಕಾವು ಇಳಿಯುತ್ತದೆ. ಆದರೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ನ್ನು ಕಂಡ ಮೇಲೆ, ಕನ್ನಂಬಾಡಿ ಕಟ್ಟೆ ಪಕ್ಕದಲ್ಲೇ ಇದ್ದರೂ, ಕುಡಿಯುವ ನೀರನ್ನು ಚಾವಣಿಗೆ ಸುರಿಯಿರಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಮಾತ್ರ ಮೇಲೆ ಒಯ್ಯುತ್ತೇವೆ. ಅದೇ 2023ರಲ್ಲಿ ಜಲಾಶಯಗಳು ತುಂಬದೆ ಜಲವಿದ್ಯುತ್ ಕುಸಿದು, ಸೆಕೆಗೆ ಪಂಪುಸೆಟ್ಟುಗಳೂ ಫ್ಯಾನುಗಳೂ ಹೆಚ್ಚು ತಿರುಗಿ, ಅಕ್ಟೋಬರಿನಲ್ಲಿ ರಾಜ್ಯ ಕರೆಂಟಿಗೆ ಪರದಾಡಿತು. ಮಳೆ ಕೈಕೊಟ್ಟ ವರ್ಷವೇ ಬೇಡಿಕೆ ಏರುತ್ತದೆ, ಆ ವರ್ಷವೇ ಉತ್ಪಾದನೆ ಇಳಿಯುತ್ತದೆ. 

ಬಿದಿರಿನ ತಟ್ಟಿ

ಸುಣ್ಣದ ನಂತರವೂ ಮುಂಗೋಣೆಯಲ್ಲಿ ಚೆಂಡು 40 ಡಿಗ್ರಿ ತೋರಿಸುತ್ತಿತ್ತು, ಎಂದರೆ ನೆತ್ತಿಯ ಮೇಲಿನ ಶಾಖ ಪೂರ್ತಿ ನಿಂತಿರಲಿಲ್ಲ. ಶೀಟಿಗೂ ತಲೆಗೂ ನಡುವೆ ಒಂದು ಮರೆ ಬೇಕಿತ್ತು. ಥರ್ಮೋಕೋಲ್ ಹಲಗೆಗಳನ್ನು ಬೀದಿಯ ಹಲವರು ಹಾಕಿಸಿದ್ದಾರೆ. ಬೆಂಕಿ ತಗುಲಿದರೆ ಅದು ಕರಗಿ ಉರಿದು ತೊಟ್ಟಿಕ್ಕುತ್ತದೆ, ವಿಷದ ಹೊಗೆ ಬಿಡುತ್ತದೆ. ಹಳೆಯ ವೈರಿಂಗ್ ಇರುವ ಮನೆಗೆ ನಾನು ಅದನ್ನು ಸೇರಿಸುವುದಿಲ್ಲ. ಚುನಾವಣೆ ಮುಗಿದ ಮೇಲೆ ಧಾರಾಳವಾಗಿ ಸಿಗುವ ಫ್ಲೆಕ್ಸ್‌ಗಳ ಕಥೆಯೂ ಅಷ್ಟೇ, ನಾಯಕರ ಮುಖ ಮೇಲಾದರೂ ಕೆಳಗಾದರೂ.

ಮೇದರಿಂದ ಬಿದಿರಿನ ತಟ್ಟಿಗಳನ್ನು ಅಳತೆಗೆ ಹೆಣೆಸಿದೆ. ಬಿದಿರಿಗೆ ಕುಟ್ಟೆಹುಳು ಹಿಡಿಯದಿರಲೆಂದು ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರನ್ನು ಎರಡೂ ಕಡೆ ಬಳಿದು ನೆರಳಿನಲ್ಲಿ ಒಣಗಿಸಿದೆವು. ಬೆಂಕಿ ಹತ್ತುವುದನ್ನೂ ಅದು ಸ್ವಲ್ಪ ತಡೆಯುತ್ತದೆ. ಶೀಟಿನಿಂದ ಒಂದು ಗೇಣು ಕೆಳಗೆ, ಪೈಪುಗಳಿಗೆ ಸತುವಿನ ಲೇಪವಿರುವ ಜಿ.ಐ. ತಂತಿಯಿಂದ ಬಿಗಿದು ಕಟ್ಟಿದೆವು. ಶೀಟಿಗೆ ಕೊರೆತ ಹಾಕಲಿಲ್ಲ. ನಡುವಿನ ಆ ಗೇಣು ಜಾಗದಲ್ಲೇ ಈ ವಿಧಾನದ ಸಾರವಿದೆ: ಅಲ್ಲಿ ಕಾದ ಗಾಳಿ ಹೊರಹೋಗಲು ದಾರಿ ಇಲ್ಲದಿದ್ದರೆ ತಟ್ಟಿಯೂ ಕಾದು ಕೆಳಗೆ ಶಾಖ ಸುರಿಸತೊಡಗುತ್ತದೆ. ಚಾವಣಿಯ ಎತ್ತರದ ಕಡೆಯ ಗೋಡೆಯಲ್ಲಿ, ತಟ್ಟಿಗಿಂತ ಮೇಲೆ, ಎರಡು ಕಡೆ ಇಟ್ಟಿಗೆ ಬಿಚ್ಚಿ ಇಲಿ, ಅಳಿಲು ನುಗ್ಗದಂತೆ ಜಾಲರಿ ಕೂರಿಸಿದೆ. ತಗ್ಗಿನ ಕಡೆ ಶೀಟಿನ ಅಲೆಗಳ ಸಂದಿನಿಂದ ಗಾಳಿ ತಾನಾಗಿ ಒಳಬರುತ್ತದೆ. ಫ್ಯಾನಿನ ಕೋಲನ್ನು ಉದ್ದ ಮಾಡಿ ರೆಕ್ಕೆಗಳು ತಟ್ಟಿಯಿಂದ ಒಂದಡಿ ಕೆಳಗೆ, ನೆಲದಿಂದ ಏಳಡಿಗಿಂತ ಮೇಲೆ ಇರುವಂತೆ ನೋಡಿಕೊಂಡೆವು. ಗಾಳಿಯ ಉಷ್ಣ ಅರ್ಧ ಡಿಗ್ರಿ ಇಳಿದದ್ದಷ್ಟೇ. ಚೆಂಡು ಮಾತ್ರ 40ರಿಂದ 37.5ಕ್ಕೆ ಬಂತು. ತಟ್ಟಿ, ತಂತಿ, ಕೂಲಿ ಸೇರಿ ಮೂರು ಸಾವಿರದ ಮೇಲಾಯಿತು. ಸುಣ್ಣಕ್ಕೆ ಹೋಲಿಸಿದರೆ ದುಬಾರಿ, ಆದರೆ ಹಗಲು ಆ ಕೋಣೆಯಲ್ಲಿ ಕೂತು ಹೊಲಿಯುವ ಸೊಸೆಗೆ ವ್ಯತ್ಯಾಸ ತಿಳಿಯಲು ಥರ್ಮಾಮೀಟರ್ ಬೇಕಾಗಲಿಲ್ಲ.

ಪಡುವಣದ ಕಿಟಕಿಗೆ ಒಳಗಿನ ಪರದೆಯ ಬದಲು ಹೊರಗಡೆ ತೆಂಗಿನ ಗರಿಯ ತಡಿಕೆ ಕಟ್ಟಿದೆವು. ಬಿಸಿಲು ಗಾಜು ದಾಟಿ ಒಳಬಂದ ಮೇಲೆ ಪರದೆ ತಡೆದರೂ ಶಾಖ ಕೋಣೆಯಲ್ಲೇ ಉಳಿಯುತ್ತದೆ.

ಫ್ಯಾನುಗಳು

ಅಡುಗೆಕೋಣೆಯ ಫ್ಯಾನ್ 70 ವ್ಯಾಟ್ ಎಳೆಯುತ್ತಿದ್ದರೂ ಎಣ್ಣೆ ಕಾಣದ ಗಾಣದಂತೆ ನಿಧಾನವಾಗಿ ತಿರುಗುತ್ತಿತ್ತು. ಇಂಥದ್ದಕ್ಕೆ ಮೊದಲು ನೋಡಬೇಕಾದುದು ಕೆಪಾಸಿಟರ್, ಎಂದರೆ ಮೋಟಾರು ತಿರುಗಲು ನೆರವಾಗುವ ಚಿಕ್ಕ ಡಬ್ಬಿ. ಮೇನ್ ಸ್ವಿಚ್ ಆರಿಸಿ, ಮೇಲಿನ ಬಟ್ಟಲಿನಂಥ ಮುಚ್ಚಳವನ್ನು ಇಳಿಸಿ, ಕೆಪಾಸಿಟರಿನ ಎರಡು ತಂತಿಗಳನ್ನು ಕರೆಂಟು ಹರಿಯದ ಹಿಡಿಕೆ ಇರುವ ಸ್ಕ್ರೂಡ್ರೈವರಿನಿಂದ ಮುಟ್ಟಿಸಿ ಉಳಿದ ವಿದ್ಯುತ್ತನ್ನು ಕಳೆದ ಮೇಲೆ ಮಲ್ಟಿಮೀಟರಿಗೆ ಹಿಡಿದಾಗ, 2.5 ಮೈಕ್ರೋಫ್ಯಾರಡ್ ಇರಬೇಕಾದುದು 1.4ಕ್ಕೆ ಇಳಿದಿತ್ತು. ಐವತ್ತು ರೂಪಾಯಿಯ ಹೊಸದನ್ನು ಅದೇ ಅಳತೆಯಲ್ಲಿ ಹಾಕಿದ ಮೇಲೆ ಫ್ಯಾನ್ ಜೋರಾಗಿ ತಿರುಗಿತು, ಬಳಕೆ 72 ವ್ಯಾಟ್ ಆಯಿತು. ಹೆಚ್ಚು ಗಾಳಿ ಬರಲಿ ಎಂದು ದೊಡ್ಡ ಅಳತೆಯ ಕೆಪಾಸಿಟರ್ ಹಾಕುವವರಿದ್ದಾರೆ, ಅದರಿಂದ ವೈಂಡಿಂಗ್ ಸುಡುತ್ತದೆ.

ಮುಂಗೋಣೆಯ 75 ವ್ಯಾಟಿನ ಫ್ಯಾನನ್ನು ತೆಗೆದು ಕಡಿಮೆ ಕರೆಂಟಿನಲ್ಲಿ ತಿರುಗುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಹಾಕಿದೆ. 2023ರ ಜನವರಿಯಿಂದ ಚಾವಣಿ ಫ್ಯಾನುಗಳಿಗೆ ವಿದ್ಯುತ್ ಉಳಿತಾಯವನ್ನು ತೋರಿಸುವ ನಕ್ಷತ್ರದ ಗುರುತು ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲಿ ಹೋಲಿಸಿ ನೋಡುವುದು ಸುಲಭವಾಗಿದೆ. ಪೂರ್ಣ ವೇಗದಲ್ಲಿ ಮೀಟರ್ 37 ಸೆಕೆಂಡು ದಾಟಿ ಮಿಣುಕಿತು, ಸರಿಯಾಗಿ 30 ವ್ಯಾಟ್. ದಿನಕ್ಕೆ 16 ಗಂಟೆ ತಿರುಗಿದರೂ ತಿಂಗಳಿಗೆ 14.4 ಯೂನಿಟ್, ಹಳೆಯದಾಗಿದ್ದರೆ 36. ಬೆಲೆ 2700 ರೂಪಾಯಿ. ಇದನ್ನು ಎಲ್ಲರಿಗೂ ಶಿಫಾರಸು ಮಾಡುವ ಮೊದಲು ಒಂದು ಮಾತು ಹೇಳಬೇಕು. ಗೃಹಜ್ಯೋತಿಯ ಪಾಲಿನ ಒಳಗೇ ಬಳಕೆ ಇರುವ ಮನೆಗೆ ಇದರಿಂದ ಬಿಲ್ಲಿನಲ್ಲಿ ಉಳಿಯುವುದು ಸೊನ್ನೆ, ಉಳಿದ ಯೂನಿಟ್ ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ. ಪಾಲನ್ನು ದಾಟಿದ ಮನೆಗೆ ಮಾತ್ರ ಅದು ನಗದು. ಅತ್ತೆಯ ಮನೆಯಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ತಿಂಗಳಿಗೆ 140 ರೂಪಾಯಿಯಷ್ಟು ಆಗುತ್ತದೆ. ವರ್ಷದ ಉಳಿದ ಕಾಲದಲ್ಲಿ ಅಷ್ಟಾಗದು. ಮೂರು ವರ್ಷದ ಮೇಲೆಯೇ ಬೆಲೆ ಹುಟ್ಟೀತು. ಕಂತು ಕಟ್ಟಲೂ ಕಷ್ಟವಿರುವವರು ಮೊದಲು ಸುಣ್ಣ ಹೊಡೆಯಲಿ, ಕೆಪಾಸಿಟರ್ ನೋಡಲಿ.

ಟ್ಯೂಬ್‌ಲೈಟಿನ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಪಟ್ಟಿ ಬಂತು. ಸೌರಫಲಕದ ಮಾತೂ ಬಂದು ಹೋಯಿತು. ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂ. ಸಹಾಯಧನವಿದೆ, ಉಳಿದ ಹಣವನ್ನು ಹೊಂದಿಸಬೇಕಾದುದು ಮನೆಯವರೇ, ಶೀಟಿನ ಚಾವಣಿ ಫಲಕದ ಭಾರ ಹೊರುವುದಿಲ್ಲ, ಮೋಲ್ಡ್ ಇರುವುದು ಹತ್ತಡಿ ಅಗಲ. ತಿಂಗಳಿಗೆ ಮೂರ್ನಾಲ್ಕು ನೂರರ ಬಿಲ್ಲಿನ ಮನೆಗೆ ಅದು ಹೊಂದುವುದಿಲ್ಲ.

ಫ್ರಿಡ್ಜ್

ಅತಿ ಹೆಚ್ಚು ತಿನ್ನುವ ಸಾಮಾನಿಗೆ ಅತಿ ಕಡಿಮೆ ಖರ್ಚು ಮಾಡಿದೆವು. ಬಾಗಿಲಿನ ಸಂದಿಗೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಮುಚ್ಚಿ ಎಳೆದಾಗ, ಕೆಳಗಿನ ಎಡಮೂಲೆಯಲ್ಲಿ ಅದು ತಡೆಯಿಲ್ಲದೆ ಜಾರಿ ಬಂತು. ಬಾಗಿಲಂಚಿನ ರಬ್ಬರ್ ಪಟ್ಟಿ, ಎಂದರೆ ಗ್ಯಾಸ್ಕೆಟ್, ಹರಿದಿರಲಿಲ್ಲ, ಮಡಿಕೆ ಬಿದ್ದು ಗಟ್ಟಿಯಾಗಿತ್ತು. ಸೋಪಿನ ನೀರಿನಿಂದ ಜಿಡ್ಡು ತೆಗೆದು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೂಲೆಗೆ ಒತ್ತಿಹಿಡಿದು ಮೆತ್ತಗಾದ ಮೇಲೆ ಬೆರಳಿನಿಂದ ಹೊರಕ್ಕೆ ಎಳೆದು, ತೆಳುವಾಗಿ ವ್ಯಾಸಲೀನ್ ಸವರಿ ರಾತ್ರಿಯಿಡೀ ಬಾಗಿಲನ್ನು ಹಗ್ಗದಿಂದ ಬಿಗಿದೆವು. ಬೆಳಿಗ್ಗೆ ನೋಟು ನಿಂತಿತು. ಫ್ರೀಜರಿನಲ್ಲಿ ಅಂಗುಲ ದಪ್ಪ ಹಿಮ ಕಟ್ಟಿತ್ತು. ಅದನ್ನು ಚಾಕುವಿನಿಂದ ಕೆತ್ತಿದರೆ ಒಳಗಿನ ಕೊಳವೆ ತೂತಾಗಿ ಗ್ಯಾಸ್ ಹೋಗುತ್ತದೆ, ಆರಿಸಿ ಕರಗಿಸುವುದೊಂದೇ ಸರಿಯಾದ ದಾರಿ. ಹಿಂಬದಿಯ ಕಪ್ಪು ಜಾಲರಿಯ ಮೇಲಿನ ಧೂಳನ್ನು ಒಣ ಬ್ರಷ್‌ನಿಂದ ತೆಗೆದು, ಪಡುವಣದ ಕಾದ ಗೋಡೆಗೆ ಅಂಟಿಕೊಂಡಿದ್ದ ಪೆಟ್ಟಿಗೆಯನ್ನು ಮೂಡಣದ ಗೋಡೆಯ ಬಳಿ ಒಂದು ಗೇಣು ಜಾಗ ಬಿಟ್ಟು ನಿಲ್ಲಿಸಿದೆವು. ದಿನಕ್ಕೆ 1.5 ಇದ್ದುದು 1.1 ಯೂನಿಟ್ ಆಯಿತು. ಸುಣ್ಣದಿಂದ ಅಡುಗೆಕೋಣೆ ತಣ್ಣಗಾದದ್ದರ ಪಾಲೂ ಇದರಲ್ಲಿ ಸೇರಿದೆ, ಬೇರ್ಪಡಿಸಿ ಹೇಳಲಾರೆ.

ತಿಂಗಳ ಮೊತ್ತ

ಮೊದಲು ಫ್ರಿಡ್ಜ್ 45, ಮುಂದಿನ ಫ್ಯಾನ್ 14 ಗಂಟೆಗೆ 31.5, ಹಿಂದಿನದು 6 ಗಂಟೆಗೆ 12.6, ಟ್ಯೂಬ್‌ಲೈಟ್ 7.8, ಟಿ.ವಿ., ಬಲ್ಬು, ಮಿಕ್ಸಿ ಇತ್ಯಾದಿ ಎಂಟೂವರೆಯಷ್ಟು. ಒಟ್ಟು 105 ಯೂನಿಟ್. ಈಗ ಫ್ರಿಡ್ಜ್ 33, ಮುಂದಿನ ಫ್ಯಾನ್ 16 ಗಂಟೆ ತಿರುಗಿಯೂ 14.4, ಹಿಂದಿನದು 13, ಎಲ್‌ಇಡಿ ಪಟ್ಟಿ 3, ಉಳಿದದ್ದು ಹಾಗೆಯೇ, ಒಟ್ಟು 72. ಪಾಲಿನ 48ನ್ನು ದಾಟಿದ್ದು 57ರಿಂದ 24ಕ್ಕೆ ಇಳಿಯಿತು, ಕಟ್ಟಬೇಕಾದುದು 370 ರೂಪಾಯಿ ಆಸುಪಾಸಿನಿಂದ 156ಕ್ಕೆ. ಮೀಟರ್ ಓದುವವರು ಕೊಟ್ಟ ಚೀಟಿ ಈ ಲೆಕ್ಕಕ್ಕೆ ಎರಡು ಯೂನಿಟ್ ಹೆಚ್ಚು ತೋರಿಸಿತು; ನೆಂಟರು ಬಂದಿದ್ದ ವಾರವದು.

ಅತ್ತೆಗೆ ಮೊತ್ತಕ್ಕಿಂತ ಬೇರೆ ಬಗೆಯ ಲೆಕ್ಕ ಬೇಕಾಯಿತು. "ಹಂಗಾದ್ರೆ ಮಧ್ಯಾಹ್ನ ಹಾಕ್ಕಂಡ್ರೆ ಎಷ್ಟಾಯ್ತದೆ?" ಎಂದರು. ಮಧ್ಯಾಹ್ನ ಅವರು ಕೂರುವ ಅಡುಗೆಕೋಣೆಯ ಫ್ಯಾನ್ 72 ವ್ಯಾಟಿನದು. ಐದು ಗಂಟೆಗೆ ಮೂರನೇ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ಎರಡೂವರೆ ರೂಪಾಯಿಯ ಒಳಗೆ ಎಂದೆ. ಎರಡೂವರೆ ರೂಪಾಯಿಗೆ ಒಂದು ಲೋಟ ಮಜ್ಜಿಗೆಯೂ ಬರುವುದಿಲ್ಲವೆಂದು ಅವರೇ ಲೆಕ್ಕ ಹಾಕಿ ಒಪ್ಪಿದರು. ಹೊರಗಿನ ಬಿಸಿ 40 ಡಿಗ್ರಿ ಮುಟ್ಟುವ ದಿನ ಬರೀ ಫ್ಯಾನನ್ನು ನಂಬಬಾರದು, ಬೆವರು ಕಡಿಮೆಯಿರುವ ವಯಸ್ಸಾದವರ ಮೈಯನ್ನು ಅಷ್ಟು ಬಿಸಿಯಾದ ಗಾಳಿ ತಣಿಸುವ ಬದಲು ಕಾಯಿಸಬಹುದು. ಅಂಥ ದಿನ ಒದ್ದೆ ಟವೆಲನ್ನು ಕುತ್ತಿಗೆ, ತೋಳುಗಳ ಮೇಲೆ ಹಾಕಿಕೊಂಡು ಫ್ಯಾನಿನ ಕೆಳಗೆ ಕೂರಬೇಕೆಂದು ಸೊಸೆಗೂ ಮೊಮ್ಮಗಳಿಗೂ ತಿಳಿಸಿದ್ದೇನೆ.

ಉಳಿದಿರುವ ಕೆಲಸಗಳಲ್ಲಿ ಮೊದಲನೆಯದು ಮೋಲ್ಡ್‌ನ ಮೂಲೆಯಲ್ಲಿ ಕಂಡ ಕೂದಲೆಳೆಯ ಬಿರುಕು. ಸುಣ್ಣ ಹೊಡೆಯುವಾಗ ಅದು ಸುಣ್ಣವನ್ನು ಹೀರಿ ಗೆರೆಯಂತೆ ಎದ್ದು ಕಂಡಿತು. ಮಳೆಗಾಲಕ್ಕೆ ಮುಂಚೆ ಕೆತ್ತಿ ಅಗಲ ಮಾಡಿ ಸಿಮೆಂಟ್ ತುಂಬಬೇಕು, ಇಲ್ಲವಾದರೆ ನೀರು ಕಂಬಿಗೆ ಇಳಿದು ತುಕ್ಕು ಹಿಡಿಸುತ್ತದೆ. ಹಿಂದಿನ ಕೋಣೆಗೂ ಬಿಎಲ್‌ಡಿಸಿ ಫ್ಯಾನ್ ಹಾಕುವುದು ದೀಪಾವಳಿಯ ಹೊತ್ತಿಗೆ, ಅಂಗಡಿಗಳು ಬೆಲೆ ಇಳಿಸಿದರೆ. ಸುಣ್ಣದಲ್ಲಿ ಎರಡು ಕಿಲೋ ಉಳಿದಿದೆ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇವೆ. ಪಕ್ಕದ ಮನೆಯವರು ತಮ್ಮ ಶೀಟಿಗೆ ಹೊಡೆಯಲು ಕೇಳಿದ್ದಾರೆ, ಹಲಗೆಯನ್ನೂ ಜೊತೆಗೇ ಒಯ್ಯಬೇಕೆಂದು ಹೇಳಿದ್ದೇನೆ.